ಸಿಟ್ಟು ಬರಿಸದ ಗೇಮು

ಕಲಬುರಗಿಯ ಶಹಾಬಜಾರದ ಅಜರ್‌ನ ಮೊಬೈಲ್ ಅಂಗಡಿಗೆ ವಿಮಲಾಬಾಯಿ ಬಂದಾಗ ಬೆಳಗಿನ ಒಂಬತ್ತೂವರೆ. ಚೈತ್ರದ ಬಿಸಿಲಿಗೆ ಶಟರಿನ ತಗಡು ಆಗಲೇ ಮುಟ್ಟಲಾರದಷ್ಟು ಕಾದಿತ್ತು. ಮಗಳ ಫೋನನ್ನು ಗಾಜಿನ ಕಪಾಟಿನ ಮೇಲಿಟ್ಟು, ಸೆರಗಿನಿಂದ ಅದರ ಮುಖ ಒರೆಸಿ, "ಇದರಾಗ ಒಂದು ಗೇಮ್ ಹಾಕಿ ಕೊಡು. ಆಡಿದ್ರ ಸಿಟ್ಟು ಬರಬಾರದು, ಅಂಥಾದ್ದು" ಎಂದಳು.

ಅಜರ್ ನಕ್ಕ. "ಯಾರಿಗ್ರೀ ಅಮ್ಮಾ, ನಿಮಗೇನು?"

"ನನಗ ಸಿಟ್ಟು ಬರಿಸದ ಗೇಮು ಇನ್ನಾ ಯಾರೂ ಮಾಡಿಲ್ಲ. ಅಂಜನಾಗ ಬೇಕು."

ಓಣಿಯಲ್ಲಿ ಆಕೆಯ ಸಿಟ್ಟು ಗೊತ್ತಿಲ್ಲದವರಿಲ್ಲ. ಕಾಳುಕಡಿಯ ಅಡತ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಗಂಡ ತೀರಿಕೊಂಡು ಹನ್ನೊಂದು ವರ್ಷ. ಆವತ್ತಿನಿಂದ ಆಕೆ ಮುಂದಿನ ಖೋಲಿಯಲ್ಲಿ ಶ್ಯಾವಿಗೆ ಮಷೀನು ಇಟ್ಟುಕೊಂಡು, ಬೇಸಿಗೆಯ ಮೂರು ತಿಂಗಳು ಓಣಿಗೆಲ್ಲ ಶ್ಯಾವಿಗೆ ಒತ್ತಿ ಕೊಡುತ್ತಿದ್ದಳು. ಹಿಟ್ಟಿಗೆ ನೀರು ಹೆಚ್ಚಾಗಿದ್ದರೆ ಬುಟ್ಟಿಯನ್ನು ಹಾಗೇ ತಿರುಗಿಸಿ ಕಳಿಸುವಳು. "ನಾಳಿ ನಾದಿ ತಗೊಂಡ್ ಬಾ. ಇದು ಶ್ಯಾವಿಗಿ ಆಗಂಗಿಲ್ಲ, ಗಂಜಿ ಆಗ್ತದ" ಎಂದು ಬಾಗಿಲಲ್ಲೇ ಹೇಳುವಳು. ಹೆಂಗಸರು ಬೈದುಕೊಳ್ಳುತ್ತ ಹೋಗಿ ಮರುದಿನ ಸರಿಯಾಗಿ ನಾದಿಕೊಂಡು ಬರುವರು. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರಗಳನ್ನು ಒಂದೊಂದಾಗಿ ಹಿಡಿದು ಓದಬೇಕು. ಅಂಕಿ ಮಾತ್ರ ಆಕೆಗೆ ಎಂದೂ ತಪ್ಪಿದ್ದಿಲ್ಲ.

ಒಬ್ಬಳೇ ಮಗಳು ಅಂಜನಾ. ಕಮಲಾಪುರದ ಶಿವಲಿಂಗನಿಗೆ ಕೊಟ್ಟಿದ್ದರು. ಮೊದಲನೇ ಬಸಿರು, ಆರು ತುಂಬಿ ಏಳರಲ್ಲಿತ್ತು. ಬಿ.ಪಿ. ಏರಿದೆ ಎಂದು ಕಲಬುರಗಿಯ ಡಾಕ್ಟರಮ್ಮ ಮಗಳನ್ನು ತಾಯಿಯ ಮನೆಯಲ್ಲೇ ಉಳಿಸಿಕೊಳ್ಳಲು ಹೇಳಿದ್ದಳು. ಎಡಮಗ್ಗುಲಾಗಿ ಮಲಗಬೇಕು, ಉಪ್ಪು ಕಡಿಮೆ, ಗುಳಿಗೆ ತಪ್ಪಬಾರದು, ಟಿ.ವಿ.ಯ ಅಳು ನೋಡಬಾರದು, ಫೋನಿನಲ್ಲಿ ಯಾರ ಸಂಗಡವೂ ವಾದ ಬೇಡ. ಬೇಸರ ಬಂದರೆ ಯಾವುದಾದರೂ ತಣ್ಣಗಿನ ಗೇಮು ಆಡಿಕೊಂಡು ಈ ಬೇಸಿಗೆ ದಾಟಿಸಬೇಕು.

"ತಣ್ಣಗಿನ ಗೇಮ್ ಅಂದ್ರ ಯಾವ್ದು?" ಎಂದು ವಿಮಲಾಬಾಯಿ ಡಾಕ್ಟರಮ್ಮನನ್ನೇ ಕೇಳಿದ್ದಳು. ಆಕೆ "ನೀವೇ ನೋಡಿ ಆರಿಸ್ರಿ" ಎಂದು ಮುಂದಿನ ಪೇಷಂಟನ್ನು ಕರೆದಿದ್ದಳು. ಅದೇ ಮಾತು ಹಿಡಿದುಕೊಂಡು ಆಕೆ ಈಗ ಅಜರ್‌ನ ಮುಂದೆ ನಿಂತಿದ್ದಳು.

ಅಜರ್ ಮೊದಲು ಹಾಕಿಕೊಟ್ಟದ್ದು ಬಣ್ಣದ ಹರಳುಗಳನ್ನು ಮೂರು ಮೂರು ಜೋಡಿಸುವ ಗೇಮು. ವಿಮಲಾಬಾಯಿಗೆ ಒಂದು ಪದ್ಧತಿ ಇತ್ತು. ಅಳಿಯ ತಂದುಕೊಟ್ಟ ಬಿ.ಪಿ. ಮಷೀನನ್ನು ಆಡುವ ಮೊದಲು ಒಮ್ಮೆ, ಅರ್ಧ ತಾಸು ಆಡಿದ ಮೇಲೆ ಒಮ್ಮೆ ಮಗಳ ತೋಳಿಗೆ ಕಟ್ಟುವಳು. ಗೋಡೆಯ ಕ್ಯಾಲೆಂಡರಿನಿಂದ ಮಾರ್ಚ್ ತಿಂಗಳ ಹಾಳೆ ಹರಿದು, ಅದರ ಬೆನ್ನ ಮೇಲೆ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡನ್ನೂ ಬರೆಯುವಳು. ಹರಳಿನ ಗೇಮಿಗೆ ಮೊದಲು ನೂರಾ ಮೂವತ್ತಾರು, ಎಂಬತ್ತೆಂಟು. ಆಮೇಲೆ ನೂರಾ ನಲವತ್ತೆರಡು, ತೊಂಬತ್ತೆರಡು. ಹರಳಿನ ಮೇಲೊಂದು ಗಡಿಯಾರ ಟಿಕ್ ಟಿಕ್ ಎಂದು ಓಡುತ್ತಿತ್ತು. ವೇಳೆ ಮುಗಿದರೆ ಒಂದು ಹಕ್ಕಿ ಕಣ್ಣೊರೆಸಿಕೊಂಡು ಅಳುತ್ತಿತ್ತು.

"ಸೋತದ್ದು ನೀ, ಅಳೋದು ಹಕ್ಕಿ. ತೆಗಿ ಇದನ್ನ" ಎಂದಳು ವಿಮಲಾಬಾಯಿ.

ಎರಡನೆಯದು ಹೋಟೆಲಿನ ಗೇಮು. ಗಿರಾಕಿಗಳು ಬಂದು ಕೂರುತ್ತಾರೆ, ಅವರಿಗೆ ಬೇಗ ಬೇಗ ಬಡಿಸಬೇಕು, ತಡವಾದರೆ ಅವರ ಮುಖ ಕೆಂಪಾಗುತ್ತದೆ. ಅಂಜನಾ ಮಲಗಿಕೊಂಡೇ ಆಡಿದಳು. ಪಕ್ಕದಲ್ಲಿ ಕೂತ ತಾಯಿಯದೇ ಮೈ ಉರಿಯತೊಡಗಿತು.

"ಮಂದಿ ಇನ್ನಾ ಕುಂತಿಲ್ಲ, ಆಗಲೇ ಮಾರಿ ಕೆಂಪ. ಆಗ್ಲಿ ಬಿಡು. ಆ ರೊಟ್ಟಿ ಇನ್ನಾ ಬೆಂದಿಲ್ಲ, ಎತ್ತಬ್ಯಾಡ ಅಂಜೂ. ಹಸೇ ರೊಟ್ಟಿ ಕೊಡ್ತಾರೇನು ಯಾರರ?"

"ಅವ್ವಾ, ಎತ್ತಲಿಲ್ಲಂದ್ರ ಎದ್ದು ಹೋಗ್ತಾರ."

"ಹೋಗ್ಲಿ. ಮನ್ಯಾಗ ಉಣ್ಣಲಿ."

ಅಂಜನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಅಂಕಿ ಒಂದೂ ಏರಲಿಲ್ಲ. "ಈಗ ನಿಂದು ನೋಡೋಣ" ಎಂದು ತಾಯಿಯ ತೋಳಿಗೇ ಪಟ್ಟಿ ಕಟ್ಟಿದಳು. ನೂರಾ ಅರವತ್ತು. ವಿಮಲಾಬಾಯಿ ಅದನ್ನು ಬರೆಯಲಿಲ್ಲ. ಹೋಟೆಲ್ ಮಾತ್ರ ಅದೇ ಸಂಜೆ ಮುಚ್ಚಿತು.

ಮೂರನೆಯದು ಮೀನಿನ ಕೊಳ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಅಂಜನಾ ಕಾಳು ಹಾಕುವುದನ್ನು ಮರೆತು ನಿದ್ದೆ ಹೋದಳು. ಎದ್ದು ನೋಡಿದರೆ ಒಂದು ಹಳದಿ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಮಗಳ ಕಣ್ಣಲ್ಲಿ ನೀರು ಕಂಡು ವಿಮಲಾಬಾಯಿ ಚಪ್ಪಲಿ ಮೆಟ್ಟಿ ನೆಟ್ಟಗೆ ಅಂಗಡಿಗೆ ನಡೆದಳು.

"ಬಸರಿ ಹೆಣ್ಮಗಳ ಮುಂದ ಸಾಯೂ ಮೀನ ಇಡ್ತಿಯೇನು ಅಜರ್?"

"ಕಂಪನಿದವ್ರು ಕೊಂದಾರ್ರೀ ಅಮ್ಮಾ, ನಾ ಅಲ್ಲ."

"ಮೂರು ಮಾತು ಹೇಳ್ತೀನಿ, ಬರಕೋ. ಗಡಿಯಾರ ಇರಬಾರದು. ಯಾರೂ ಸಾಯಬಾರದು. ಸೋತಿ ಅಂತ ಹೇಳಬಾರದು."

"ಅಂಥಾ ಜಿಂದಗಿನೇ ಇಲ್ಲಲ್ರೀ ಅಮ್ಮಾ, ಗೇಮ್ ಎಲ್ಲಿಂದ ತರ್ಲಿ?" ಎಂದು ಅಜರ್ ತಲೆ ಕೆರೆದುಕೊಂಡ. ಆದರೂ ಗಿರಾಕಿಗಳನ್ನು ಬದಿಗೆ ನಿಲ್ಲಿಸಿ ಅರ್ಧ ತಾಸು ಹುಡುಕಿದ. ಕೊನೆಗೆ ಸಿಕ್ಕದ್ದು ಒಂದು ಮನೆಯ ಗೇಮು. ಖಾಲಿ ಅಂಗಳ, ನಾಲ್ಕು ಕಂಬದ ಪಡಸಾಲೆ, ಅಡಿಗೆಮನೆ, ಹಿಂದೆ ದನದ ಕೊಟ್ಟಿಗೆ. ಬೇಕಾದ ಗೊಂಬೆ ಮಾಡಿ, ಸೀರೆ ಉಡಿಸಿ, ಹೆಸರಿಟ್ಟು, ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಕೂರಿಸಬಹುದು. ಅಷ್ಟೇ ಆಟ. ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ.

ಅಂಜನಾಗೆ ಅದು ಹಿಡಿಸಿತು. ಮಂಗಳವಾರ ಅಂಗಳಕ್ಕೆ ಬೇವಿನ ಗಿಡ, ತುಳಸಿಕಟ್ಟೆ ಹಚ್ಚಿದಳು, ಬುಧವಾರ ಮಾಳಿಗೆಯ ಮೇಲೆ ಶ್ಯಾವಿಗೆ ಒಣಹಾಕುವ ಕೋಲು. ನೂರಾ ಮೂವತ್ತು, ನೂರಾ ಇಪ್ಪತ್ತೆಂಟು. ವಿಮಲಾಬಾಯಿ ಹಾಳೆಯ ಮೇಲೆ ಅಂಕಿಗಳನ್ನು ಇಳಿಸಿ, ಈ ಬೇಸಿಗೆಗೆ ಇದೇ ಗೇಮು ಎಂದು ನಿಶ್ಚಯ ಮಾಡಿದಳು.

ಗುರುವಾರ ಅಂಕಿ ನೂರಾ ನಲವತ್ತಾರಕ್ಕೆ ಏರಿತು. ಶುಕ್ರವಾರ ಇಳಿಯಿತು. ಸೋಮವಾರ ಮತ್ತೆ ನೂರಾ ನಲವತ್ತಾರು. ಮಂಗಳವಾರ ಇಳಿಯಿತು. ಮುಂದಿನ ಗುರುವಾರ ನೂರಾ ನಲವತ್ತೆಂಟು.

ವಿಮಲಾಬಾಯಿ ಹಾಳೆ ಮಡಚಿಕೊಂಡು ಮತ್ತೆ ಅಂಗಡಿಗೆ ಹೋದಳು. "ಸೋಮವಾರ, ಗುರುವಾರ ಈ ಗೇಮಿನಾಗ ಏನರ ಬದಲಿ ಆಗ್ತದೇನು?"

ಅಜರ್ ಹಾಳೆಯನ್ನು ತಿರುವಿ ತಿರುವಿ ನೋಡಿದ. "ಗೇಮಿಗಿ ವಾರ ಗೊತ್ತಿಲ್ರೀ ಅಮ್ಮಾ. ವಾರ ಗೊತ್ತಿರೋದು ಮಂದಿಗಿ. ಆ ದಿನ ಮನಿಗಿ ಯಾರ್ ಬರ್ತಾರ ನೋಡ್ರಿ."

ಮನೆಗೆ ಯಾರೂ ಬರುತ್ತಿರಲಿಲ್ಲ. ಬರುತ್ತಿದ್ದುದು ಫೋನು. ಕಮಲಾಪುರದಿಂದ ಬೀಗತಿ ನಾಗರತ್ನಾ ವಾರಕ್ಕೆ ಎರಡು ದಿನ, ಗುಡಿಗೆ ಹೋಗಿ ಬಂದ ಮೇಲೆ, ಸೊಸೆಗೆ ಫೋನು ಮಾಡುತ್ತಿದ್ದಳು. ಸೋಮವಾರ ಮತ್ತು ಗುರುವಾರ. ಆಗ ಅಂಜನಾ ಗೋಡೆಯ ಕಡೆ ಹೊರಳಿ, ಸಣ್ಣ ದನಿಯಲ್ಲಿ "ಹೂಂ ಅತ್ತಿ, ಹೂಂರಿ" ಎನ್ನುವುದಷ್ಟೇ ಕೇಳುತ್ತಿತ್ತು. ಬಸುರಿಗೆ ಸೀರೆ ಉಡಿಸಿ ಹರಸುವ ಕುಬಸದ ಕಾರ್ಯ ಹತ್ತಿರ ಬಂದಿತ್ತು. ಡಾಕ್ಟರಮ್ಮ ಒಂದೇ ದಿನದ ಮಟ್ಟಿಗೆ ಕಾರಿನಲ್ಲಿ ಕಮಲಾಪುರಕ್ಕೆ ಹೋಗಿ ಬರಲು ಒಪ್ಪಿದ್ದಳು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವ ಸಾಮಾನು, ಅದರ ಮಾತೇ ಇರಬೇಕೆಂದು ವಿಮಲಾಬಾಯಿ ತಿಳಿದಿದ್ದಳು. ಸೀರೆ ಬಳೆಯ ಮಾತಿಗೆ ನೂರಾ ನಲವತ್ತೆಂಟು ಯಾಕೆ ಆಗಬೇಕು?

ಆವತ್ತು ಮಧ್ಯಾಹ್ನ ಬಿಸಿಗಾಳಿ ಕಿಟಕಿಯ ಗೋಣಿತಟ್ಟನ್ನು ಬಡಿಯುತ್ತಿತ್ತು. ಅಂಜನಾ ನಿದ್ದೆ ಹೋಗಿದ್ದಳು. ಕೈಯಿಂದ ಜಾರಿದ ಫೋನಿನಲ್ಲಿ ಗೇಮು ಇನ್ನೂ ತೆರೆದೇ ಇತ್ತು. ವಿಮಲಾಬಾಯಿ ಅದನ್ನು ಎತ್ತಿ ನೋಡಿದಳು. ಅಂಗಳದಲ್ಲಿ ಕಾರ್ಯ ನಡೆದಿತ್ತು. ಮಣೆಯ ಮೇಲೆ ಹಸಿರು ಸೀರೆಯ ಗೊಂಬೆ. ಅದರ ಸುತ್ತ ಐದು ಗೊಂಬೆಗಳು, ಕೈಯಲ್ಲಿ ತಟ್ಟೆ, ತಲೆಯಲ್ಲಿ ಹೂವು, ಹಣೆಗೆ ಕುಂಕುಮ. ಆರನೆಯ ಗೊಂಬೆ ಅಡಿಗೆಮನೆಯ ಬಾಗಿಲ ಹಿಂದೆ ಅರ್ಧ ಮರೆಯಾಗಿತ್ತು. ಬಿಳಿ ಕೂದಲು, ಬೂದಿ ಬಣ್ಣದ ಸೀರೆ, ಖಾಲಿ ಹಣೆ. ತಲೆಯ ಮೇಲೆ ಎರಡು ಅಕ್ಷರ. ಆಕೆ ಕೂಡಿಸಿ ಓದಿದಳು. ಅವ್ವ.

ಮಗಳು ಏಳುವ ತನಕ ಆಕೆ ಫೋನು ಹಿಡಿದುಕೊಂಡೇ ಕೂತಳು.

"ಇದು ನಾನೇನು?" ಎಂದು ಕೇಳಿದಳು.

ಅಂಜನಾ ಕಣ್ಣು ತೆರೆದವಳು ಮತ್ತೆ ಮುಚ್ಚಿದಳು. "ಹೂಂ."

"ಬಾಗಲದ ಹಿಂದ ಯಾಕ ನಿಂತೀನಿ?"

ಅಂಜನಾ ಹೊರಳಿ, ಗೋಡೆಗೆ ಹೇಳಿದಂತೆ ಹೇಳಿದಳು. "ಅತ್ತಿ ಅಂದ್ರು, ಮೊದಲನೇ ಬಸರು, ಐದು ಮಂದಿ ಮುತ್ತೈದೇರೇ ಉಡಿ ತುಂಬಲಿ. ನಿಮ್ಮವ್ವಗ ಒಳಗ ಕುಂದರು ಅಂತ ನೀನೇ ಹೇಳು, ನಾ ಹೇಳಿದ್ರ ಛಂದ ಕಾಣಂಗಿಲ್ಲ ಅಂದ್ರು."

"ನೀ ಏನಂದಿ?"

"ಹೂಂ ಅಂದೆ."

"ಎಷ್ಟು ಸರ್ತಿ?"

"ಅವ್ರು ಕೇಳಿದಾಗೊಮ್ಮೆ. ಹೇಳಿದಿಯೇನು ಅಂತ ಕೇಳ್ತಾರ, ಹೇಳ್ತೀನಿ ಅಂತೀನಿ." ಅಂಜನಾ ಫೋನಿನ ಕಡೆ ಕೈ ಮಾಡಿದಳು. "ನಿನಗ ಹ್ಯಾಂಗ ಹೇಳ್ಲಿ ಅಂತ ಇಲ್ಲಿ ಇಟ್ಟು ಇಟ್ಟು ನೋಡ್ಲಾಕತ್ತಿದ್ದೆ ಅವ್ವಾ. ಕಂಬದ ಹಿಂದ ಇಟ್ಟೆ, ಮಾಳಗಿ ಮ್ಯಾಲ ಇಟ್ಟೆ, ಒಳಗ ಇಟ್ಟೆ. ಎಲ್ಲಿ ಇಟ್ರೂ ಸರಿ ಕಾಣವಲ್ದು."

ವಿಮಲಾಬಾಯಿಗೆ ಬಂದ ಸಿಟ್ಟು ಓಣಿಯ ತುದಿಯ ತನಕ ಕೇಳುವಂಥದ್ದು. ಆದರೆ ಎದುರಿಗೆ ಮಗಳ ಹೊಟ್ಟೆ ಇತ್ತು, ಪಕ್ಕದಲ್ಲಿ ಬಿ.ಪಿ. ಮಷೀನಿತ್ತು. ಆಕೆ ಎದ್ದು ಮುಂದಿನ ಖೋಲಿಗೆ ಹೋಗಿ ಶ್ಯಾವಿಗೆ ಮಷೀನಿನ ಹಿಡಿಕೆ ಹಿಡಿದು ತಿರುಗಿಸತೊಡಗಿದಳು. ಒಳಗೆ ಹಿಟ್ಟಿರಲಿಲ್ಲ. ಖಾಲಿ ಮಷೀನು ಕಿರ್ ಕಿರ್ ಎಂದಿತು. ತೋಳು ಸೋಲುವ ತನಕ ತಿರುಗಿಸಿದಳು.

ಕಾರ್ಯದಿಂದ ಹೊರಗೆ ನಿಲ್ಲಬೇಕಾದದ್ದು ಆಕೆಗೆ ಹೊಸದಲ್ಲ. ಹನ್ನೊಂದು ವರ್ಷ ಯಾವ ಕಾರ್ಯಕ್ಕೆ ಹೋದರೂ, ಯಾರಾದರೂ ಹೇಳುವ ಮೊದಲೇ ತಾನಾಗಿ ಅಡಿಗೆಮನೆಗೆ ಹೋಗಿ ಈಳಿಗೆಮಣೆ ಎಳೆದುಕೊಂಡು ಕೂತವಳು. ಹೇಳಿಸಿಕೊಳ್ಳಲಿಲ್ಲ ಎಂಬುದೇ ತನ್ನ ಮರ್ಯಾದೆ ಎಂದುಕೊಂಡಿದ್ದಳು. ಆಕೆಯ ತಾಯಿಯೂ ಹಾಗೇ ಮಾಡಿದ್ದಳು. ತವರೂರು ಮಹಾಗಾಂವದಲ್ಲಿ ವಿಮಲಾಬಾಯಿಯ ಕುಬಸದ ದಿನ, ಗಂಡ ಸತ್ತ ಆ ಮುದುಕಿ ದನದ ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಕೂತಿದ್ದಳು. ಮಣೆಯ ಮೇಲಿಂದ ಅದು ಕಾಣುತ್ತಿತ್ತು. ವಿಮಲಾಬಾಯಿ ಕಂಡಳು, ಕರೆಯಲಿಲ್ಲ. ಹೋಳಿಗೆ ಬಡಿಸಿದರು, ಉಂಡಳು. ಆ ಹೋಳಿಗೆ ನೆನಪಾಗಿ ಈಗ ಆಕೆಗೆ ತನ್ನ ಮೇಲೆಯೇ ಬೆಂಕಿಯಂಥ ಸಿಟ್ಟು ಬಂತು.

ಆಕೆ ಕೈ ತೊಳೆದುಕೊಂಡು ಒಳಗೆ ಬಂದಳು.

"ಇದನ್ನ ಎತ್ತೋದು ಹ್ಯಾಂಗ?"

"ಬೆರಳು ಒತ್ತಿ ಹಿಡಿ, ಹಂಗೇ ಜಗ್ಗು."

ವರ್ಷಗಟ್ಟಲೆ ಹಿಟ್ಟಿನಲ್ಲಿ ಸವೆದ ಬೆರಳನ್ನು ಗಾಜು ಗುರುತಿಸಲಿಲ್ಲ. ಸೆರಗಿನ ತುದಿ ನೀರಿಗೆ ಅದ್ದಿ ಬೆರಳು ಒರೆಸಿಕೊಂಡು ಮತ್ತೆ ಒತ್ತಿದಳು. ಗೊಂಬೆ ಎದ್ದಿತು. ಬಾಗಿಲು ದಾಟಿಸಿ, ಪಡಸಾಲೆ ದಾಟಿಸಿ, ಐದು ಗೊಂಬೆಗಳಿಗಿಂತ ಮುಂದೆ, ಮಣೆಯ ಎದುರಿಗೆ ತಂದು ಬಿಟ್ಟಳು.

"ಇಲ್ಲಿ ನಿಲ್ತೀನಿ. ನೀ ಯಾರಿಗೂ ಏನೂ ಹೇಳಬ್ಯಾಡ, ನಿನ್ನ ಕೆಲಸ ಮುಗೀತು. ಮತ್ತ ಈ ಹಣಿಗಿ ವಿಭೂತಿ ಹಚ್ಚು. ನನ್ನ ಹಣಿ ಎಂದೂ ಖಾಲಿ ಇಲ್ಲ."

ಅರ್ಧ ತಾಸು ಬಿಟ್ಟು ಮಗಳ ತೋಳಿಗೆ ಪಟ್ಟಿ ಕಟ್ಟಿದಳು. ನೂರಾ ಮೂವತ್ತು, ಎಂಬತ್ನಾಲ್ಕು.

ಕಾರ್ಯದ ದಿನ ಶಿವಲಿಂಗ ಬೆಳಿಗ್ಗೆಯೇ ಕಾರು ತಂದ. ವಿಮಲಾಬಾಯಿ ಉಡಿಯ ಬುಟ್ಟಿಯನ್ನು ತೊಡೆಯ ಮೇಲೆ, ಬಿ.ಪಿ. ಮಷೀನು ಮತ್ತು ಕ್ಯಾಲೆಂಡರಿನ ಹಾಳೆಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡಳು. ಅಳಿಯ ಕನ್ನಡಿಯಲ್ಲಿ ಎರಡು ಸಲ ಅತ್ತೆಯ ಮುಖ ನೋಡಿ, ರೇಡಿಯೋ ಬಂದ್ ಮಾಡಿದ.

ಕಮಲಾಪುರದ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಐದು ಜನ ಮುತ್ತೈದೆಯರು ಆಗಲೇ ಕೂತಿದ್ದರು. ಅಂಜನಾಳನ್ನು ಮಣೆಯ ಮೇಲೆ ಕೂರಿಸಿದರು. ನಾಗರತ್ನಾ ಬೀಗತಿಯ ಕೈಹಿಡಿದು ಅಕ್ಕರೆಯಿಂದಲೇ ಹೇಳಿದಳು. "ಬಿಸಲಾಗ ಬಂದೀರಿ ಅಕ್ಕಾರೆ. ಒಳಗ ಕೂಲರ್ ಅದ, ಜರಾ ಕುಂದರ್ರಿ. ಇಲ್ಲಿಂದು ಮುಗಿಸಿ ಬರ್ತೀನಿ."

"ನನಗ ಸೆಕಿ ಇಲ್ರೀ" ಎಂದು ವಿಮಲಾಬಾಯಿ ಅಲ್ಲೇ ನಿಂತು ಚೀಲದಿಂದ ಹಾಳೆ ತೆಗೆದಳು. "ಇದು ನಿಮ್ಮ ಸೊಸಿ ಬಿ.ಪಿ. ನೋಡ್ರಿ. ಮಂಗಳಾರ ನೂರಾ ಮೂವತ್ತು, ಬುಧಾರ ನೂರಾ ಇಪ್ಪತ್ತೆಂಟು. ಗುರುವಾರ ನೂರಾ ನಲವತ್ತಾರು. ಗುರುವಾರ ಏನದ ಗೊತ್ತೇನ್ರಿ? ನಿಮ್ಮ ಫೋನ್ ಅದ."

ನಾಗರತ್ನಾಳ ಮುಖ ಬಾಡಿತು. "ನಾ ಏನ್ ಕೆಟ್ಟದ್ದು ಅಂದೀನ್ರಿ? ಹಿರೇರು ಮಾಡ್ಕೊಂಡು ಬಂದದ್ದು ಹೇಳಿದೆ. ಮೊದಲನೇ ಬಸರು, ಬಿ.ಪಿ. ಬ್ಯಾರೆ. ಏನರ ಹೆಚ್ಚುಕಡಿಮಿ ಆದ್ರ ಅಂತ ನನಗ ಅಂಜಿಕಿ ಆಗ್ತದ. ಅಂಜಿಕಿ ತಪ್ಪೇನು?"

"ಅಂಜಿಕಿ ತಪ್ಪಲ್ಲ. ಆ ಅಂಜಿಕಿ ಅಕಿ ಮೈಯಾಗ ಹೋಗಿ ನೂರಾ ನಲವತ್ತೆಂಟು ಆಗ್ಯಾದ, ಅದು ತಪ್ಪು. ಹೇಳೋದಿದ್ರ ನನಗ ಹೇಳಬೇಕಿತ್ತು. ಬಸರಿದ್ದಾಕಿ ಕೈಲೆ ಅಕಿ ತಾಯಿಗಿ ಒಳಗ ಹೋಗು ಅಂತ ಹೇಳಸ್ತೀರಿ. ಹೇಳಲಾರದ ಅಕಿ ಫೋನಿನಾಗ ಗೊಂಬಿ ಇಟ್ಟು ಇಟ್ಟು ನೋಡ್ಯಾಳ."

"ಮಂದಿ ಏನಂತಾರ ಅಕ್ಕಾರೆ?"

ವಿಮಲಾಬಾಯಿ ಕೂತಿದ್ದ ಐವರ ಕಡೆ ತಿರುಗಿದಳು. "ಮಂದಿ ಇಲ್ಲೇ ಕುಂತಾರಲ್ಲ. ಏನಂತೀರವ್ವ?"

ಒಬ್ಬಾಕೆ ಸೆರಗು ಸರಿಮಾಡಿಕೊಂಡಳು. ಒಬ್ಬಾಕೆ ಜಮಖಾನೆಯ ಅಂಚು ನೋಡಿದಳು. ಅಂಜನಾ ತಲೆ ಎತ್ತಿದಳು. "ಅತ್ತಿ, ನಮ್ಮವ್ವನೇ ಮೊದಲ ತುಂಬಲಿರಿ" ಎಂದಳು. ದನಿ ಸಣ್ಣದೇ ಇತ್ತು, ಆದರೆ ಗೋಡೆಗೆ ಹೇಳಿದ್ದಲ್ಲ.

ವಿಮಲಾಬಾಯಿ ಮೊಣಕಾಲೂರಿ ಕೂತಳು. ಮಗಳ ಸೆರಗು ಹಿಡಿಸಿ ಐದು ಬೊಗಸೆ ಅಕ್ಕಿ ಹಾಕಿದಳು, ಒಂದು ಕಾಳೂ ಕೆಳಗೆ ಬೀಳದಂತೆ. ಕೊಬ್ಬರಿ ಬಟ್ಟಲು ಎರಡು, ಉತ್ತತ್ತಿ ಐದು, ಅರಿಶಿನ ಬೇರು ಐದು, ಬೆಲ್ಲದಚ್ಚು ಒಂದು, ಎಲೆ, ಅಡಿಕೆ, ಮೇಲೆ ಕಮಲಾಪುರದ್ದೇ ಕೆಂಪು ಬಾಳೆಹಣ್ಣು ಎರಡು. ಕೊನೆಗೆ ಕುಪ್ಪಸದ ಖಣ ಇಟ್ಟು, ತನ್ನ ಹಣೆಯ ವಿಭೂತಿಯನ್ನು ಬೆರಳಿಗೆ ತಗುಲಿಸಿ ಮಗಳ ಹಣೆಗೆ ಹಚ್ಚಿ ಎದ್ದಳು.

ಮುಂದೆ ಯಾರು ಬರುತ್ತಾರೆ ಎಂದು ಐವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾಗರತ್ನಾ ತುಟಿ ಬಿಗಿದುಕೊಂಡು ತಟ್ಟೆ ಎತ್ತಿಕೊಂಡಳು. ಯಾರನ್ನೂ ನೋಡದೆ ಬಂದು ಎರಡನೆಯವಳಾಗಿ ಉಡಿ ತುಂಬಿದಳು. ಆಮೇಲೆ ಉಳಿದವರು ಎದ್ದರು.

ಊಟಕ್ಕೆ ಮೊದಲು ವಿಮಲಾಬಾಯಿ ಪಟ್ಟಿ ಕಟ್ಟಿದಳು. ಶಿವಲಿಂಗ ಬಗ್ಗಿ ಓದಿದ. ನೂರಾ ಮೂವತ್ತೆಂಟು, ಎಂಬತ್ತೆಂಟು.

"ಕಡಿಮಿ ಆಗಿಲ್ಲಲ್ರೀ ಅತ್ತಿ" ಎಂದ.

"ಕಾರಿನಾಗ ಬಂದಾಳ, ಬಿಸಲದ, ಮಂದಿ ಮುಂದ ಮಾತಾಡ್ಯಾಳ. ಆಗ್ತದ. ಇದ್ದದ್ದು ಇದ್ದಂಗ ಬರೀಬೇಕು" ಎಂದು ಆಕೆ ಬರೆದಳು. ಅಂಕಿಯ ಪಕ್ಕದಲ್ಲಿ ಕಮಲಾಪುರ ಎಂದೂ ಒಂದೊಂದೇ ಅಕ್ಷರ ಕೂಡಿಸಿ ಬರೆದಳು.

ಸಂಜೆ ತಿರುಗಿ ಬರುವಾಗ ಅಂಜನಾ ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಎಡಮಗ್ಗುಲಾಗಿ ಮಲಗಿ ಗೇಮು ತೆರೆದಳು. ಅಂಗಳದಲ್ಲಿ ಗೊಂಬೆಗಳು ಇಟ್ಟಲ್ಲೇ ಇದ್ದವು.

"ಅವ್ವಾ, ಇನ್ನಾ ಸಿಟ್ಟದೇನು?"

"ಅದ."

"ಅತ್ತಿ ಮ್ಯಾಲೇನು?"

"ಅಕಿ ಮ್ಯಾಲ ಜರಾ ಇಳದದ. ಅಕಿ ಎರಡನೇದಾಕಿ ಆಗಿ ಬಂದಳು. ನೀ ಹೂಂ ಅಂದದ್ದು ಇನ್ನಾ ಇಳದಿಲ್ಲ."

ಕಾರು ಮಹಾಗಾಂವ ಕ್ರಾಸಿನ ಹತ್ತಿರ ಬಂದಿತ್ತು. ವಿಮಲಾಬಾಯಿ ಕಿಟಕಿಯಿಂದ ಆ ಕಡೆಯ ರಸ್ತೆಯನ್ನು ನೋಡಿದಳು. ಕ್ರಾಸು ದಾಟುವ ತನಕ ನೋಡುತ್ತಲೇ ಇದ್ದಳು.

"ಆ ಗೇಮಿನಾಗ ದನದ ಕೊಟ್ಟಿಗಿ ಅದಲ್ಲ?" ಎಂದಳು.

"ಅದ. ಯಾಕ?"

"ಇನ್ನೊಂದು ಗೊಂಬಿ ಮಾಡು. ಮೊದಲ ಕೊಟ್ಟಿಗ್ಯಾಗ ಇಡು, ಎಮ್ಮಿ ಬಾಜೂಕ. ಎತ್ತಿ ಹೊರಗ ತರೂದು ನಾ ಮಾಡ್ತೀನಿ."

"ಯಾರದು?"

"ನಮ್ಮವ್ವ."

ಅಂಜನಾ ತಲೆ ಎತ್ತಿ ತಾಯಿಯ ಮುಖ ನೋಡಿದಳು. ಬೆರಳಾಡಿಸಿ ಹೊಸ ಗೊಂಬೆ ತೆಗೆದಳು. "ಸೀರಿ ಯಾವ ಬಣ್ಣ?"

"ಕರೇದು, ಕೆಂಪು ದಡಿ. ಹಣಿಗಿ ವಿಭೂತಿ, ಅಗಲ ಹಚ್ಚು. ಸೆರಗು ತಲಿ ಮ್ಯಾಲ."

"ಕಾಲಿಗಿ ಚಪ್ಪಲಿ ಕೇಳ್ತದ ಅವ್ವಾ. ಕರೇದು ಹಾಕ್ಲೇನು?"

"ಏನೂ ಹಾಕಬ್ಯಾಡ" ಎಂದಳು ವಿಮಲಾಬಾಯಿ. "ಅಕಿಗಿ ಚಪ್ಪಲಿ ಇರ್ಲಿಲ್ಲ." ಆಮೇಲೆ ಸೆರಗಿನ ತುದಿಯನ್ನು ಬಾಟಲಿಯ ನೀರಿಗೆ ಅದ್ದಿ ಬೆರಳು ಒರೆಸಿಕೊಳ್ಳತೊಡಗಿದಳು.